ಮುಲಾಮಿನಿಂದ ತಡೆ ಆಗದು

ಹುಟ್ಟಿದಾಗಿನಿಂದ ದಿನಾ ಮಾಯಿಶ್ಚರೈಸರ್ ಮುಲಾಮು ಹಚ್ಚಿ, ಕಡಲೆಕಾಯಿ ದೂರವಿಟ್ಟರೆ ಮಗುವಿಗೆ ಎಸ್ಜಿಮಾನೂ (ಚರ್ಮ ಒಣಗಿ ತುರಿಸುವ ಕಾಯಿಲೆ) ಇಲ್ಲ, ಕಡಲೆಕಾಯಿ ಅಲರ್ಜಿನೂ ಇಲ್ಲ ಎಂದು ಒಂದು ಲೇಖನ ಹೇಳುತ್ತದೆ. ಎರಡೂ ಸರಿಯಲ್ಲ.

2020ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಬೀಪ್’ ಅಧ್ಯಯನದಲ್ಲಿದ್ದ 1,394 ಶಿಶುಗಳಲ್ಲಿ ಅರ್ಧದಷ್ಟಕ್ಕೆ ಒಂದು ವರ್ಷ ದಿನವೂ ಹಚ್ಚಿಸಿದರು. ಎರಡನೇ ವಯಸ್ಸಿಗೆ ಎಸ್ಜಿಮಾ ಇದ್ದದ್ದು ಹಚ್ಚಿದವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25. ಅಂದರೆ ಹೆಚ್ಚುಕಮ್ಮಿ ಒಂದೇ. ಚರ್ಮದ ಸೋಂಕು ಮಾತ್ರ ಹಚ್ಚಿದವರಲ್ಲೇ ತುಸು ಜಾಸ್ತಿ! ಆದರೆ ಎಸ್ಜಿಮಾ ಈಗಾಗಲೇ ಇದ್ದರೆ ಮಾಯಿಶ್ಚರೈಸರ್ ಚಿಕಿತ್ಸೆಯ ಭಾಗ, ಬಿಡಬೇಡಿ. ಡಬ್ಬಿಗೆ ಬೆರಳು ಅದ್ದದೆ ಶುಭ್ರ ಚಮಚದಲ್ಲಿ ತೆಗೆದು, ಕೂದಲು ಬೆಳೆಯುವ ದಿಕ್ಕಿಗೆ ಮೆತ್ತಗೆ ಸವರಿ. ಗಸಗಸ ಉಜ್ಜಿದರೆ ರೋಮದ ಬುಡ ಊದಿಕೊಳ್ಳಬಹುದು.

ಕಡಲೆಕಾಯಿಯ ವಿಷಯ ಇನ್ನೂ ತಲೆಕೆಳಗು. ಬಿರುಕುಬಿಟ್ಟ ಚರ್ಮದ ಮೂಲಕ ಒಳಹೊಕ್ಕ ಆಹಾರದ ಕಣವನ್ನು ದೇಹ ಶತ್ರುವೆಂದು ಗುರುತಿಸುವ ಸಂಭವವಿದೆ. ಬಾಯಿಯ ಮೂಲಕ ಬಂದದ್ದಕ್ಕೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. 2015ರ ‘ಲೀಪ್’ ಪ್ರಯೋಗದಲ್ಲಿ 4ರಿಂದ 11 ತಿಂಗಳ ಶಿಶುಗಳಿಗೆ ಕಡಲೆಕಾಯಿ ತಿನ್ನಿಸಿದಾಗ, ಆರಂಭದ ಅಲರ್ಜಿ ಚರ್ಮಪರೀಕ್ಷೆ ನೆಗೆಟಿವ್ ಇದ್ದವರಲ್ಲಿ ಐದನೇ ವಯಸ್ಸಿನ ಅಲರ್ಜಿ, ತಿನ್ನದವರ ಶೇ. 13.7ರ ಬದಲು 1.9ಕ್ಕೆ ಇಳಿಯಿತು. ಇಡೀ ಬೀಜ ಕೊಡಬಾರದು, ಉಸಿರು ಕಟ್ಟಬಹುದು. ನುಣ್ಣಗೆ ಅರೆದು ತೆಳುವಾಗಿಸಿದ್ದೇ ಆಗಬೇಕು. ತೀವ್ರ ಎಸ್ಜಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಮೊದಲ ತುತ್ತು.