ಡ್ರಾಯಿಂಗ್ ಫೈನಲ್ ಆಗುವ ಮೊದಲೇ ಫಿಟ್ಟರ್‌ನ ಕೇಳಿ

ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಆರು ವರ್ಷ ಪ್ಲಾಸ್ಟಿಕ್ ಭಾಗಗಳಿಗೆ ಮೋಲ್ಡ್, ಅಂದರೆ ಉಕ್ಕಿನ ಅಚ್ಚು, ಮಾಡಿಸುವ ಕೆಲಸದಲ್ಲಿದ್ದೆ. ಈಗ ಜಪಾನಿನ ನಗೋಯಾ ಹತ್ತಿರ ಅದೇ ಕೆಲಸ. ಉಕ್ಕು ಅದೇ, ಮೆಷಿನ್ ಕೂಡ ಹೆಚ್ಚುಕಡಿಮೆ ಅದೇ. ಆದರೆ ಮಾಡುವವನ ಮಾತನ್ನು ಯಾವಾಗ ಕೇಳುತ್ತಾರೆ ಅನ್ನೋದರಲ್ಲಿ ತುಂಬಾ ವ್ಯತ್ಯಾಸ ಇದೆ.

ಪೀಣ್ಯದಲ್ಲಿದ್ದಾಗ ಒಂದು ಕಂಪನಿಯಿಂದ ಮೀಟರ್ ಬಾಕ್ಸಿನ ಮುಚ್ಚಳದ ಡ್ರಾಯಿಂಗ್ ಬಂತು. ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದ ಹಿರಿಯ ಫಿಟ್ಟರ್ ಅದನ್ನು ನೋಡಿ, "ಏನಪ್ಪಾ, ಗೋಡೆ ನೆಟ್ಟಗೆ ನಿಂತಿದೆ. ಒಂದು ಡಿಗ್ರಿನೂ ಡ್ರಾಫ್ಟ್ ಕೊಟ್ಟಿಲ್ಲ. ಇದು ಮೋಲ್ಡ್ ಬಿಟ್ಟು ಬರಲ್ಲ" ಅಂದರು. ಡ್ರಾಫ್ಟ್ ಅಂದರೆ ಭಾಗ ಮೋಲ್ಡಿನಿಂದ ಸಲೀಸಾಗಿ ಹೊರಬರಲಿ ಅಂತ ಗೋಡೆಗೆ ಕೊಡುವ ಸಣ್ಣ ಓರೆ. ಗಟ್ಟಿತನಕ್ಕೆ ಒಳಗೆ ಕೊಡುವ ಪಟ್ಟಿಗಳು, ಅಂದರೆ ರಿಬ್ಬುಗಳೂ ಗೋಡೆಯಷ್ಟೇ ದಪ್ಪ. ಅವು ಗೋಡೆಯ ಅರ್ಧದಷ್ಟು, ಹೆಚ್ಚೆಂದರೆ 60 ಪರ್ಸೆಂಟ್ ಇರಬೇಕು. ದಪ್ಪ ಜಾಸ್ತಿಯಾದರೆ ಅಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಆರುತ್ತದೆ, ಹೊರಗಡೆ ಹೆಬ್ಬೆರಳಲ್ಲಿ ಒತ್ತಿದ ಹಾಗೆ ಗುಳಿ ಬೀಳುತ್ತದೆ.

ಆ ಕಂಪನಿಯ ಡಿಸೈನ್ ಮಾಡುವವರಿಗೆ ಫೋನ್ ಮಾಡಿದೆ. "ಡ್ರಾಯಿಂಗ್ ಫೈನಲ್ ಆಗಿದೆ, ಹಾಗೇ ಮಾಡಿ" ಅಂದರು. ಮಾಡಿದೆವು. ಮೊದಲ ಟ್ರಯಲ್‌ನಲ್ಲೇ ಮುಚ್ಚಳ ಕಚ್ಚಿಕೊಂಡಿತು. ಭಾಗವನ್ನು ಹೊರಹಾಕುವ ಎಜೆಕ್ಟರ್ ಪಿನ್ ತಳ್ಳಿದ ಕಡೆಯೆಲ್ಲ ಬಿಳಿ ಕಲೆ, ಮುಂದುಗಡೆ ಸಾಲಾಗಿ ಗುಳಿ. ಡ್ರಾಫ್ಟ್ ಕೊಡೋಕೆ ಉಕ್ಕು ಕೆರೆದರೆ ಸಾಕು. ರಿಬ್ ತೆಳ್ಳಗಾಗಬೇಕು ಅಂದರೆ ಮೋಲ್ಡಿನಲ್ಲಿ ರಿಬ್ಬಿಗೆಂದು ಕೊರೆದ ಜಾಗಕ್ಕೆ ಉಕ್ಕು ತುಂಬಬೇಕು. ಅಂದರೆ ವೆಲ್ಡಿಂಗ್ ಮಾಡಿ ಮತ್ತೆ ಕಡಿಯಬೇಕು. ಅಣ್ಣ ಎರಡು ರಾತ್ರಿ ಮನೆಗೇ ಹೋಗಲಿಲ್ಲ. ನಮ್ಮವರು ಹೇಗಾದರೂ ಮಾಡಿ ಮುಗಿಸ್ತಾರೆ ಅಂತ ಎಲ್ಲರೂ ಹೊಗಳಿದರು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ. ಆ ಕಂಪನಿಯ ಮುಂದಿನ ಡ್ರಾಯಿಂಗಿನಲ್ಲೂ ಅದೇ ತಪ್ಪು ಇತ್ತು.

ಇಲ್ಲಿ ಜಪಾನಿನಲ್ಲಿ ನೆಮವಾಶಿ ಅಂತ ಒಂದು ಮಾತಿದೆ. ಗಿಡವನ್ನು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಮಣ್ಣು ಬಿಡಿಸಿ ಹದ ಮಾಡುವುದು ಅದರ ಮೂಲ ಅರ್ಥ. ಕೆಲಸದಲ್ಲಿ ಅಂದರೆ, ತೀರ್ಮಾನ ಆಗುವ ಮೊದಲೇ ಸಂಬಂಧಪಟ್ಟವರ ಹತ್ತಿರ ಮಾತಾಡುವುದು. ಡಿಸೈನ್ ಮಾಡುವವರು ಡ್ರಾಯಿಂಗ್ ಇನ್ನೂ ಅರ್ಧ ಇರುವಾಗಲೇ ಮೋಲ್ಡ್ ಮಾಡುವವರ ಹತ್ತಿರ, ಜೋಡಿಸುವವರ ಹತ್ತಿರ ಬಂದು ಕೂರುತ್ತಾರೆ. ಆಮೇಲೆ ರ್‍ಯೋಸಾನ್ ಶಿಸಾಕು, ಅಂದರೆ ತಯಾರಿಕೆಯ ಟ್ರಯಲ್. ಮುಂದೆ ದಿನವೂ ಮಾಡುವ ಅದೇ ಮೆಷಿನ್, ಅದೇ ಕೆಲಸಗಾರರು. ನಾನು ನೋಡಿದ ಒಂದು ಟ್ರಯಲ್‌ನಲ್ಲಿ ಲೈನಿನ ಹೆಂಗಸೊಬ್ಬರು ಸ್ಕ್ರೂ ಹಾಕುವಾಗ ಮಣಿಕಟ್ಟು ತಿರುಚಿ ತೋರಿಸಿದರು. ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಸ್ಕ್ರೂ ಜಾಗ ಬದಲಾಗಿತ್ತು.

ಈ ಅಭ್ಯಾಸ ಹಳೆಯದು. ಟೊಯೋಟಾ ಕಂಪನಿಗಳಿಗೆ ಬುನಾದಿ ಹಾಕಿದ ಟೊಯೋಡಾ ಸಾಕಿಚಿ 1924ರಲ್ಲಿ ತಮ್ಮ ಸ್ವಯಂಚಾಲಿತ ಮಗ್ಗವನ್ನು ಮುಗಿಸಿದರು. ಅದಕ್ಕಾಗಿ ಕರಿಯಾ ಎಂಬಲ್ಲಿ ಪ್ರಯೋಗಕ್ಕೆಂದೇ ಕಾರ್ಖಾನೆ ಕಟ್ಟಿ, ನಿಜವಾಗಿಯೂ ಬಟ್ಟೆ ನೇಯಿಸಿ ನೋಡಿದ್ದರು. ನಗೋಯಾದ ಮ್ಯೂಸಿಯಂನಲ್ಲಿ ಆ ಮಗ್ಗ ಇದೆ. ಹಾಸಿನ, ಅಂದರೆ ಉದ್ದಕ್ಕೆ ಎಳೆದ, ಒಂದು ನೂಲು ಹರಿದರೂ ತಾನಾಗಿ ನಿಲ್ಲುತ್ತದೆ. ನೇಯುವವರ ಕಷ್ಟ ಗೊತ್ತಿಲ್ಲದವರಿಗೆ ಇಂಥದ್ದು ಹೊಳೆಯೋದು ಕಷ್ಟ, ಅಲ್ವಾ?

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಪೀಣ್ಯದಲ್ಲಿ ನಾಲ್ಕು ದಿನಕ್ಕೆ ಕೈಗೆ ಬರುವ ಸ್ಯಾಂಪಲ್‌ಗೆ ಇಲ್ಲಿ ತಿಂಗಳು ಕಾಯುತ್ತೇನೆ. ಮೀಟಿಂಗ್ ಮೇಲೆ ಮೀಟಿಂಗ್. ಆ ಚುರುಕುತನ ನಮ್ಮಲ್ಲೇ ಜಾಸ್ತಿ, ಅದನ್ನು ಬಿಟ್ಟುಕೊಡಬಾರದು.

ನಮ್ಮ ಕಡೆ ಇದೆಲ್ಲ ನಡೆಯಲ್ಲ ಅನ್ನುವವರಿಗೆ ಬಿಡದಿ ತೋರಿಸುತ್ತೇನೆ. ಅಲ್ಲಿ 1999ರಿಂದ ಟೊಯೋಟಾ ಗಾಡಿಗಳು ತಯಾರಾಗುತ್ತಿವೆ. 2007ರಲ್ಲಿ ಹಳ್ಳಿ ಮಕ್ಕಳಿಗೆ ಕೆಲಸ ಕಲಿಸುವ ತರಬೇತಿ ಶಾಲೆಯೂ ಶುರುವಾಯಿತು. ಕಲಿಯುವ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ಅಣ್ಣ ಈಗ ರಿಟೈರ್ ಆಗಿದ್ದಾರೆ. ಮೂವತ್ತು ವರ್ಷ ಮೋಲ್ಡ್ ಕಚ್ಚಿಕೊಂಡಾಗಲೆಲ್ಲ ಕಾರಣ ಬರೆದಿಟ್ಟ ನೋಟ್‌ಬುಕ್ಕುಗಳು ಅವರ ಮನೆಯ ಅಟ್ಟದ ಮೇಲಿವೆ. ಡಿಸೈನ್ ಮಾಡುವವರು ಒಬ್ಬರೂ ಅವನ್ನು ಕೇಳಿಕೊಂಡು ಬಂದಿಲ್ಲವಂತೆ. ಈ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನೆಲ್ಲ ಓದಬೇಕು ಅಂತಿದ್ದೇನೆ.