ಕಪ್ಪೆಯ ಕುಲಗೋತ್ರ

ಮಳೆ ಕೈಕೊಟ್ಟ ವರ್ಷ ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುವುದುಂಟು. ಅರಿಶಿನ, ಕುಂಕುಮ, ಆರತಿ ಎಲ್ಲ ಇರುತ್ತದೆ; ಕುಲಗೋತ್ರ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಮದುವೆ ಮುರಿದುಬೀಳುತ್ತದೆ. ವಟಗುಟ್ಟುವ ಸದ್ದಿನ ಜಾಡು ಹಿಡಿದು ತಂದ ಕಪ್ಪೆಗಳಾದರೆ ಹಸೆಮಣೆಯ ಮೇಲಿರುವ ಇಬ್ಬರೂ ವರರೇ. ಹಾಗೆ ಗಂಟಲು ಹರಿದುಕೊಳ್ಳುವುದು ಗಂಡು. ಗಂಟಲ ಕೆಳಗೆ ಸಡಿಲ ಚರ್ಮ, ಮುಂಗಾಲಿನ ಒಳಬೆರಳ ಬುಡದಲ್ಲಿ ಒರಟು ಉಬ್ಬು ಕಂಡರೆ ಗಂಡೆಂದೇ ತಿಳಿಯಬೇಕು. ಹೆಣ್ಣು ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದು, ಮಾತು ಕಡಿಮೆ. ಒಂದು ಕೆರೆಯದು, ಇನ್ನೊಂದು ಹೊಲದ್ದು ಆಗಿದ್ದರಂತೂ ಸಂಬಂಧವೇ ಕೂಡದು.

ಈ ಕುಲಗೋತ್ರವನ್ನು ಪಟ್ಟುಬಿಡದೆ ಕೇಳುವವರು ವರ್ಗೀಕರಣ ವಿಜ್ಞಾನಿಗಳು. ಇವರ ಲೆಕ್ಕದಲ್ಲಿ ಗೋತ್ರವೂ ಬದಲಾಗುತ್ತದೆ. ನಮ್ಮ ಗೋಂಕರು ಕಪ್ಪೆಗೆ 1802ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಡೋಡಾನ್ ಇಟ್ಟ ಹೆಸರು ರಾನಾ ಟೈಗರಿನಾ. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಆಗ ಕಂಡಕಂಡ ಕಪ್ಪೆಯೆಲ್ಲ ರಾನಾ. ಈಗ ಅದು ಹಾಪ್ಲೊಬ್ಯಾಟ್ರಕಸ್ ಮನೆತನದ್ದು. ಮೊದಲ ಜೋರು ಮಳೆಗೆ ಇದರ ಗಂಡು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸುತ್ತದೆ. ಅದರ ಫೋಟೊ ಪ್ರತಿ ಮಳೆಗಾಲವೂ 'ಅಪರೂಪದ ಹೊಸ ಪ್ರಭೇದ' ಎಂಬ ಒಕ್ಕಣೆಯೊಡನೆ ವಾಟ್ಸಾಪಿನಲ್ಲಿ ಸುತ್ತುತ್ತದೆ. ಅಪರೂಪವೂ ಅಲ್ಲ, ಹೊಸದೂ ಅಲ್ಲ. ಕೆಲವು ದಿನ ಕಳೆದರೆ ಬಣ್ಣ ಇಳಿದು ಮಾಮೂಲಿ ಕಪ್ಪೆಯಾಗುತ್ತದೆ.

ನಿಜವಾಗಿ ಅಪರೂಪದವು ಮಲೆನಾಡಿನ ತೊರೆಗಳಲ್ಲಿವೆ. ಪ್ರಾಣಿವಿಜ್ಞಾನಿ ಬೂಲೆಂಜರ್ 1882ರಲ್ಲಿ ಹೆಸರಿಟ್ಟ ನಿಕ್ಟಿಬ್ಯಾಟ್ರಕಸ್, ಅಂದರೆ ಇರುಳುಗಪ್ಪೆಗಳ ಕುಲ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಸುಕ್ಕುಗಟ್ಟಿದ ಚರ್ಮ, ವಜ್ರಾಕಾರದ ಕಣ್ಣಪಾಪೆ, ಹೊರಗಿನಿಂದ ಸ್ಪಷ್ಟವಾಗಿ ಕಾಣದ ಕಿವಿತಮಟೆ. ಮೊಟ್ಟೆಗಳನ್ನು ನೀರಿನ ಮೇಲೆ ಚಾಚಿದ ಎಲೆಗೋ ಬಂಡೆಗೋ ಅಂಟಿಸುತ್ತವೆ. ಗೊದಮೊಟ್ಟೆ ಹೊರಬಂದು ಕೆಳಗಿನ ತೊರೆಗೆ ಬೀಳಬೇಕು. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯ ಗಂಡು ಇಷ್ಟಕ್ಕೇ ಬಿಡದೆ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಇದನ್ನು ಪ್ರಕಟಿಸಿದ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಪ್ರಭೇದದ ಹೆಸರನ್ನೇ 'ಕುಂಬಾರ' ಎಂದಿಟ್ಟರು. ಲ್ಯಾಟಿನ್ ಪಟ್ಟಿಯಲ್ಲಿ ಇಷ್ಟು ಚೆಂದದ ಕನ್ನಡ ಹೆಸರು ಸಿಗುವುದು ವಿರಳ.

ಹೆಸರು ಸಿಕ್ಕಮೇಲೂ ಕಪ್ಪೆ ಕಳೆದುಹೋಗಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಕೊಡಗಿನ ಇರುಳುಗಪ್ಪೆಯೊಂದನ್ನು ವರ್ಣಿಸಿದರು: ನಿಕ್ಟಿಬ್ಯಾಟ್ರಕಸ್ ಸ್ಯಾಂಕ್ಟಿಪ್ಯಾಲಸ್ಟ್ರಿಸ್. ಆಮೇಲೆ ಅದರ ಸುಳಿವಿಲ್ಲ. ಕಪ್ಪೆ ತಜ್ಞ ಎಸ್. ಡಿ. ಬಿಜು ಅವರ ತಂಡ ಅದನ್ನು ಮತ್ತೆ ಕಂಡ ಸುದ್ದಿ ಬಂದದ್ದು 2011ರಲ್ಲಿ, 91 ವರ್ಷದ ನಂತರ. ರಾವ್ ಅವರು 1937ರಲ್ಲಿ ಹೆಸರಿಟ್ಟ ಇನ್ನಷ್ಟು ಕಪ್ಪೆಗಳದ್ದು ಇದಕ್ಕಿಂತ ದೊಡ್ಡ ತಾಪತ್ರಯ: ಹೆಸರಿಗೆ ಆಧಾರವಾಗಿ ಅವರು ಕಾಪಿಟ್ಟಿದ್ದ ಮೂಲ ಮಾದರಿ ಕಪ್ಪೆಗಳೇ ಇಂದಿಲ್ಲ. ಮಾದರಿ ಇಲ್ಲದಿದ್ದರೆ ಬರಹದ ವರ್ಣನೆಯನ್ನೇ ನಂಬಿ, ಅದೇ ಊರಿನ ತೊರೆಗೆ ಹೋಗಿ, ಅದೇ ಇದು ಎಂದು ವಾದಿಸಬೇಕು. 'ಮೈ ಕಂದು, ಹೊಟ್ಟೆ ಬಿಳಿ' ಎಂಬ ವರ್ಣನೆಗೆ ಅರ್ಧ ಘಟ್ಟವೇ ಹೊಂದುತ್ತದೆ.

ಆದ್ದರಿಂದಲೇ ಮಾದರಿ ಕಾಪಿಡುವ ಕೆಲಸಕ್ಕೆ ಅಷ್ಟು ಮಡಿ. ಅರಣ್ಯ ಇಲಾಖೆಯ ಅನುಮತಿ ಮೊದಲು. ಬಣ್ಣದ ಫೋಟೊ ಜೀವವಿರುವಾಗಲೇ ಆಗಬೇಕು, ದ್ರಾವಣದಲ್ಲಿ ಹಳದಿ, ಕೆಂಪು ಉಳಿಯುವುದಿಲ್ಲ. ದೇಹವನ್ನು ಕೊಳೆಯದಂತೆ ಗಟ್ಟಿಯಾಗಿಸುವ ಫಾರ್ಮಲಿನ್ ಮುಟ್ಟಿಸುವ ಮುಂಚೆ ಚೂರು ಮಾಂಸಖಂಡ ತೆಗೆದು ಗಾಢ ಆಲ್ಕೋಹಾಲಿನಲ್ಲಿಡಬೇಕು. ಈ ಕ್ರಮ ತಪ್ಪಿದರೆ ಡಿಎನ್‌ಎ ಹಾಳು. ಹಳೆಯ ಸಂಗ್ರಹಗಳ ಗೋಳೆಲ್ಲ ಇದೇ. ಆಮೇಲೆ ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು, ಗಟ್ಟಿಯಾದ ಮೇಲೆ ತೊಳೆದು ಶೇಕಡಾ 70ರ ಆಲ್ಕೋಹಾಲು. ಕಾಲ್ಬೆರಳು ಬಿಡಿಸಿಯೇ ಗಟ್ಟಿಯಾಗಲು ಬಿಡಬೇಕು, ಮುದುಡಿಕೊಂಡರೆ ಬೆರಳುಗಳ ನಡುವಿನ ಜಾಲಪೊರೆ ಎಲ್ಲಿಯವರೆಗಿದೆ ಎಂದು ಮತ್ತೆಂದೂ ಗೊತ್ತಾಗದು. ಚೀಟಿ ಬರೆಯಲು ಪೆನ್ಸಿಲ್ಲೇ ವಾಸಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗಿ, ಜಾಡಿಯಲ್ಲಿ ಕಪ್ಪೆಯೂ ಖಾಲಿ ಕಾಗದವೂ ಉಳಿಯುತ್ತವೆ.

ಇಷ್ಟೆಲ್ಲ ಓದಿದವರಿಗೆ ತುಮಕೂರಿನ ಬಳಿಯ ದೇವರಾಯನದುರ್ಗದ ತೊರೆಯಲ್ಲೂ ಒಂದು ಇರುಳುಗಪ್ಪೆ ಸಿಗಬಾರದೇ ಎಂಬ ಆಸೆ ಹುಟ್ಟುವುದು ಸಹಜ. ಕಷ್ಟ. ಈ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 600–700 ಮಿಲಿಮೀಟರ್ ಮಳೆ. ಜಯಮಂಗಲಿ ನದಿ ಹುಟ್ಟುವುದು ಇದೇ ಬೆಟ್ಟದಲ್ಲಾದರೂ, ತಿಂಗಳುಗಟ್ಟಲೆ ತಣ್ಣಗೆ ಹರಿಯುವ ನೆರಳಿನ ತೊರೆ ಇಲ್ಲಿಲ್ಲ. ಬಂಡೆಯ ನೀರಿನಲ್ಲಿ ಕಣ್ಣು ಮೇಲೆತ್ತಿ ತೇಲುತ್ತಿದ್ದು, ಹತ್ತಿರ ಹೋದೊಡನೆ ನೀರ ಮೇಲೆಯೇ ಪುಟಪುಟನೆ ಜಿಗಿದೋಡಿದರೆ ಅದು ಇರುಳುಗಪ್ಪೆಯಲ್ಲ, ಯೂಫ್ಲಿಕ್ಟಿಸ್ ಸಯನೊಫ್ಲಿಕ್ಟಿಸ್ ಎಂಬ ಮಾಮೂಲಿ ನೀರುಗಪ್ಪೆ. ಕಿವಿತಮಟೆ ಎದ್ದು ಕಾಣುತ್ತದೆ, ಜಾಲಪೊರೆ ಬೆರಳ ತುದಿಯವರೆಗೂ ಇದೆ. ಸಂಶಯ ಅಲ್ಲಿಗೇ ತೀರಿತು.

ಗುರುತಿಸಲೆಂದು ಫೋಟೊ ತೆಗೆಯುವವರು ಬೆನ್ನನ್ನಷ್ಟೇ ತೆಗೆದುಕೊಂಡು ಬರುತ್ತಾರೆ. ಬೆನ್ನು ಸುಳ್ಳು ಹೇಳುವ ಭಾಗ. ಒಂದೇ ಪ್ರಭೇದದಲ್ಲಿ ಪಟ್ಟೆ ಇದ್ದದ್ದೂ ಇಲ್ಲದ್ದೂ ಇರುತ್ತವೆ. ತಲೆಯ ಪಕ್ಕ, ಬೆರಳ ತುದಿ, ಹಿಂಗಾಲಿನ ಪಾದ, ತೊಡೆಯ ಹಿಂಭಾಗ, ಸಾಧ್ಯವಾದರೆ ಹೊಟ್ಟೆ ಬೇಕು. ಪಕ್ಕದಲ್ಲೊಂದು ಸ್ಕೇಲ್ ಇರಲಿ. ಹಿಡಿಯಲೇಬೇಕಾದರೆ ಕೈ ಒದ್ದೆಯಾಗಿರಬೇಕು, ಸೊಳ್ಳೆ ಕ್ರೀಮು ಹಚ್ಚಿದ ಕೈಯಂತೂ ಬೇಡವೇ ಬೇಡ: ಕಪ್ಪೆಯ ಚರ್ಮ ಎಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಬೆಲೆಬಾಳುವುದು ಒಂದು ನಿಮಿಷದ ಕೂಗಿನ ರೆಕಾರ್ಡಿಂಗ್, ಜೊತೆಗೆ ಆಗಿನ ಉಷ್ಣಾಂಶ. ಸೆಖೆ ಏರಿದರೆ ಕೂಗಿನ ವೇಗವೂ ಏರುತ್ತದೆ. ಉಷ್ಣಾಂಶ ಬರೆಯದಿದ್ದರೆ ಒಂದೇ ಕಪ್ಪೆಯನ್ನು ಎರಡು ಪ್ರಭೇದವೆಂದು ಎಣಿಸಿಬಿಡಬಹುದು.

ನಮ್ಮ ಬಯಲುಸೀಮೆಯ ಕಪ್ಪೆಗಳ ಲೆಕ್ಕವೂ ಮುಗಿದಿಲ್ಲ. ಮಣ್ಣು ತೋಡಿ ಒಳಸೇರುವ ದಪ್ಪ ಕಪ್ಪೆಗಳನ್ನು ಬಹುಕಾಲ ಸ್ಫೆರೊಥೀಕಾ ಬ್ರೆವಿಸೆಪ್ಸ್ ಎಂದೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. 2020ರಲ್ಲಿ, ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಕಡೆಯ ಕಪ್ಪೆಗಳ ಆಧಾರದ ಮೇಲೆ ಸ್ಫೆರೊಥೀಕಾ ಬೆಂಗಳೂರು ಎಂಬ ಪ್ರಭೇದ ಬೇರೆಯಾಯಿತು. ಅಲ್ಲಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿ ಎಷ್ಟು ದೂರ? ಗದ್ದೆಯಲ್ಲಿ ಕಾಲಿಟ್ಟಲ್ಲೆಲ್ಲ ಹಾರುವ ಮಿನರ್ವಾರ್ಯಾ ಕುಲದ ಸಣ್ಣ ಕಪ್ಪೆಗಳದ್ದು ಇನ್ನೂ ಜಿಗುಟು. ನೋಡಲು ಒಂದೇ ತರಹ. ಬೇರ್ಪಡಿಸಲು ಕೂಗು, ಇಲ್ಲವೇ ಡಿಎನ್‌ಎ ಬೇಕು. ಬರೀ ಫೋಟೊ ಕಳಿಸಿ ಪೂರ್ತಿ ಹೆಸರು ಕೇಳಿದರೆ ಇವುಗಳ ಹಿಂದೆಯೇ ವರ್ಷಾನುಗಟ್ಟಲೆ ಅಲೆದವರು ಕೂಡ ಕುಲದ ಹೆಸರು ಬರೆದು, ಮುಂದಿನ ಜಾಗ ಖಾಲಿ ಬಿಟ್ಟು, 'ಕೂಗು ಇದೆಯಾ?' ಎಂದು ತಿರುಗಿ ಕೇಳುತ್ತಾರೆ.