ಲಕ್ಕಿ ದೂಬೆಯನ್ನು ನೆನೆಯುವಾಗ ಆ ಒಂದು ಮಾತು ಬಿಡಬೇಡಿ

ಇವತ್ತು ಅಕ್ಟೋಬರ್ 18, ದಕ್ಷಿಣ ಆಫ್ರಿಕಾದ ಹಾಡುಗಾರ ಲಕ್ಕಿ ದೂಬೆ ಸತ್ತ ದಿನ. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಜಿಂಬಾಬ್ವೆಯ ಬುಲವಾಯೋದಿಂದ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂದು ಕೂತಿತ್ತು. ಪ್ರತಿ ವರ್ಷ ಈ ದಿನ ಬರುತ್ತೆ. ಕಳಿಸುವವನು ನಾನು ಜೊಹಾನ್ಸ್‌ಬರ್ಗ್ ಪಕ್ಕದ ಮಿಡ್ರಾಂಡ್‌ನಲ್ಲಿ ಕೆಲಸಕ್ಕಿದ್ದಾಗ ನನಗೆ ಕಟಿಂಗ್ ಮಾಡುತ್ತಿದ್ದ ಹುಡುಗ. ಅವನ ಅಂಗಡಿ ಅಂದರೆ ತಗಡಿನ ಒಂದು ಶೆಡ್, ಒಂದು ಕನ್ನಡಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಪೀಕರ್. ಆ ಸ್ಪೀಕರಿನಲ್ಲೇ ನಾನು ಲಕ್ಕಿ ದೂಬೆಯನ್ನು ಮೊದಲ ಸಲ ಕೇಳಿದ್ದು. ಹಾಡುಗಾರ ಸತ್ತು ಆಗಲೇ ಏಳು ವರ್ಷ ಕಳೆದಿತ್ತು.

ದೂಬೆ ಅಂದ ತಕ್ಷಣ ನಮ್ಮವರಿಗೆ ಉತ್ತರ ಭಾರತದ ದುಬೆಗಳು ನೆನಪಾಗುತ್ತಾರೆ. ಇದು ಜುಲು ಹೆಸರು. ಆ ಭಾಷೆಯಲ್ಲಿ ದೂಬೆ ಅಂದರೆ ಪಟ್ಟೆಕುದುರೆ. ಹಲವು ಸಲ ಗರ್ಭ ನಿಲ್ಲದೆ ನೊಂದಿದ್ದ ತಾಯಿಗೆ 1964ರ ಆಗಸ್ಟ್ 3ರಂದು ಎರ್ಮೆಲೋ ಎಂಬ ಊರಿನಲ್ಲಿ ಕೊನೆಗೂ ಒಂದು ಗಂಡುಮಗು ಉಳಿಯಿತು. ಅದಕ್ಕೇ ಲಕ್ಕಿ ಅಂತ ಕರೆದಳು. ಹೊಟ್ಟೆಪಾಡಿಗೆ ತಾಯಿ ಬೇರೆ ಊರಿಗೆ ದುಡಿಯಲು ಹೋದಳು, ಮಗ ಅಜ್ಜಿಯ ಮಡಿಲಲ್ಲಿ ಬೆಳೆದ. ಚಿಕ್ಕವನಿದ್ದಾಗ ಕಂಡವರ ತೋಟದಲ್ಲಿ ಕೆಲಸ ಮಾಡಿದ. ದೊಡ್ಡವನಾದ ಮೇಲೆ ಇದೇ ಮಿಡ್ರಾಂಡ್‌ನಲ್ಲಿ, ಕಾರುಗಳ ಹರಾಜು ನಡೆಯುವ ಜಾಗದಲ್ಲಿ, ಸೆಕ್ಯುರಿಟಿ ಗಾರ್ಡ್ ಆಗಿದ್ದ. ಬೇರೆಯವರ ಕಾರು ಕಾಯುವ ಕೆಲಸ. ಈ ಸಂಗತಿ ಗೊತ್ತಾದ ದಿನ ನಾನು ಅದೇ ರಸ್ತೆಯಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಗೇಟುಗಳಲ್ಲಿ ನಿಂತ ಗಾರ್ಡ್‌ಗಳ ಮುಖ ಒಂದೊಂದಾಗಿ ನೋಡುತ್ತಾ ಹೋದೆ.

ಶುರುವಿನಲ್ಲಿ ಅವನು ಹಾಡುತ್ತಿದ್ದದ್ದು ಎಂಬಕಾಂಗಾ, ಜುಲು ಜನರ ಕುಣಿತದ ಸಂಗೀತ. ಅದು ಚೆನ್ನಾಗಿಯೇ ಓಡುತ್ತಿತ್ತು, ಒಂದೊಂದು ರೆಕಾರ್ಡು ಮೂವತ್ತು ಸಾವಿರದಷ್ಟು ಹೋಗುತ್ತಿತ್ತು. 1984ರಲ್ಲಿ ಹಠ ಹಿಡಿದು ಜಮೈಕಾದಲ್ಲಿ ಹುಟ್ಟಿದ ರೆಗ್ಗೆ ಸಂಗೀತ ಹಾಡಿದ. ಹೋಗಿದ್ದು ನಾಲ್ಕು ಸಾವಿರ. ಸಾಲದ್ದಕ್ಕೆ ಮರುವರ್ಷ ವರ್ಣಭೇದದ ಸರ್ಕಾರ ಆ ರೆಕಾರ್ಡನ್ನೇ ನಿಷೇಧಿಸಿತು. ಕಂಪನಿಯವರು ಹಳೇ ದಾರಿಗೇ ಬಾ ಅಂದರು. ಇವನು ಕಾರ್ಯಕ್ರಮಗಳಲ್ಲಿ ರೆಗ್ಗೆ ಹಾಡಿ ಎದುರಿಗಿದ್ದ ಜನರ ಮುಖ ನೋಡಿದ್ದ, ಜನಕ್ಕೆ ಇದು ಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಬಿಡಲಿಲ್ಲ. 1987ರಲ್ಲಿ ಬಂದ 'ಸ್ಲೇವ್' ಅವನನ್ನು ಆಫ್ರಿಕಾದ ಮನೆಮನೆಗೆ ಮುಟ್ಟಿಸಿತು. ಹೆಸರು ಕೇಳಿದರೆ ಕಪ್ಪು ಜನರ ಗುಲಾಮಗಿರಿಯ ಹಾಡು ಅನಿಸುತ್ತೆ. ಅದು ಹೆಂಡಕ್ಕೆ ಗುಲಾಮನಾದ ಮನುಷ್ಯನ ಹಾಡು. ಗಾಂಜಾವನ್ನು ಪವಿತ್ರ ಅನ್ನುವ, ಜಮೈಕಾದಲ್ಲೇ ಹುಟ್ಟಿದ ರಾಸ್ತಾ ಪಂಥದವರ ಹಾಗೆ ಜಡೆ ಬಿಟ್ಟಿದ್ದ. ಆದರೂ ಅವನು ಸೇದುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ.

ಅವನ ದನಿ ಕೇಳದವರಿಗೆ ಹೇಗೆ ಹೇಳಲಿ? ನೆಲದಲ್ಲಿ ಉರುಳುವ ದಪ್ಪ ದನಿ, ಅಲ್ಲಿಂದ ಒಂದೇ ಉಸಿರಿಗೆ ಮೇಲೆ ಹಾರಿ ಹೆಣ್ಣುದನಿಯ ಹಾಗೆ ತೆಳ್ಳಗಾಗುತ್ತೆ. ಹಿಂದೆ ಆರ್ಗನ್, ಅದರ ಹಿಂದೆ ಹೆಂಗಸರ ಸೊಲ್ಲು. ನಮ್ಮ ಸೋಬಾನೆಯಲ್ಲಿ ಒಬ್ಬಾಕೆ ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುತ್ತಾರಲ್ಲ, ಅದನ್ನು ಕೇಳಿ ಬೆಳೆದ ನನ್ನ ಕಿವಿಗೆ ಅದು ಹೊರಗಿನದು ಅನಿಸಲೇ ಇಲ್ಲ. ಕೀನ್ಯಾ, ಉಗಾಂಡ, ಘಾನಾ, ನೈಜೀರಿಯಾ, ಅಷ್ಟೇ ಯಾಕೆ, ಸಮುದ್ರದಾಚೆಯ ಪಪುವಾ ನ್ಯೂಗಿನಿಯವರೂ ಅವನನ್ನು ನಮ್ಮವನು ಅನ್ನುತ್ತಾರೆ. ನೈಜೀರಿಯಾದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

2007ರ ಅಕ್ಟೋಬರ್ 18, ಗುರುವಾರ. ರಾತ್ರಿ ಹೊತ್ತು ಜೊಹಾನ್ಸ್‌ಬರ್ಗಿನ ದಕ್ಷಿಣಕ್ಕಿರುವ ರೋಸೆಟೆನ್‌ವಿಲ್‌ಗೆ ತನ್ನ ಏಳು ಮಕ್ಕಳಲ್ಲಿ ಇಬ್ಬರನ್ನು ಅವರ ಮಾವನ ಮನೆಗೆ ಬಿಡಲು ಬಂದಿದ್ದ. ಅಲ್ಲೇ ಕಾರು ಕಸಿಯಲು ಬಂದವರು ಗುಂಡು ಹಾರಿಸಿದರು. ನಲವತ್ತಮೂರು ವರ್ಷ. 2009ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ವಿಚಾರಣೆಯಲ್ಲಿ ಒಂದು ಮಾತು ಹೊರಬಂತು. ಕಾರಿನಲ್ಲಿದ್ದವನು ಲಕ್ಕಿ ದೂಬೆ ಅಂತ ಅವರಿಗೆ ಗೊತ್ತಿರಲಿಲ್ಲವಂತೆ. ಯಾರೋ ನೈಜೀರಿಯಾದವನು ಅಂದುಕೊಂಡಿದ್ದರಂತೆ.

ಇವತ್ತು ಬೆಳಿಗ್ಗೆಯಿಂದ ಎಷ್ಟೋ ಶ್ರದ್ಧಾಂಜಲಿಗಳನ್ನು ಓದಿದೆ. ಅಭಿಮಾನಿಗಳ ಪ್ರೀತಿಯನ್ನು ನಾನು ಪ್ರಶ್ನಿಸಲ್ಲ, ನಾನೂ ಅವರಲ್ಲೊಬ್ಬ. ಆದರೆ ಹೆಚ್ಚಿನವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಬದಲಿಗೆ ಅವನು ತನ್ನ ಸಾವನ್ನು ಮೊದಲೇ ಕಂಡಿದ್ದ ಪ್ರವಾದಿ ಅಂತ ಬರೆಯುತ್ತಾರೆ. ಯಾಕೆಂದರೆ 1999ರ ಒಂದು ಹಾಡಿನಲ್ಲಿ, ಹಾಡಹಗಲೇ ನಿಮ್ಮ ಕಾರು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಭಯ ನಿಮಗಿಲ್ಲವೇ ಅಂತ ಅವನು ಅಧಿಕಾರದಲ್ಲಿದ್ದವರನ್ನು ಕೇಳಿದ್ದ. ಅದರಲ್ಲಿ ಭವಿಷ್ಯ ಎಲ್ಲಿದೆ? ತನ್ನ ಊರಿನಲ್ಲಿ ದಿನಾ ನಡೆಯುತ್ತಿದ್ದದ್ದನ್ನು ಹೇಳಿದ, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಪ್ರವಾದಿ ಅಂದುಬಿಟ್ಟರೆ ಆ ಸಾವು ಹಣೆಬರಹ ಆಗಿಬಿಡುತ್ತೆ, ಯಾರ ತಪ್ಪೂ ಉಳಿಯಲ್ಲ.

ಇನ್ನು ಕೆಲವರು ಆ ಮಾತನ್ನು ಹೇಳುತ್ತಾರೆ, ಹೇಳುವ ರೀತಿ ನನಗೆ ಸಂಕಟ ಕೊಡುತ್ತೆ. "ಅಯ್ಯೋ, ಯಾರೋ ಅಂದುಕೊಂಡು ನಮ್ಮವನನ್ನೇ ಕೊಂದುಬಿಟ್ಟರು!" ಅಂದರೆ, ಆ ಕಾರಿನಲ್ಲಿ ನಿಜವಾಗಿಯೂ ನೈಜೀರಿಯಾದ ಒಬ್ಬ ಅಪ್ಪ ಮಕ್ಕಳನ್ನು ಬಿಡಲು ಬಂದಿದ್ದರೆ? ಆಗ ಪರವಾಗಿರಲಿಲ್ಲವೇ? ಬಣ್ಣ ಬೇರೆಯಾದರೂ ಜನ ಒಂದೇ ಅಂತ ಜೀವಮಾನವಿಡೀ ಹಾಡಿದವನು ಅವನು. ಅವನ ಹೆಸರಿನಲ್ಲೇ ಇಂಥ ಮರುಕ ತೋರಿಸಬಾರದು. ಅವನು ಸತ್ತು ಏಳು ತಿಂಗಳಿಗೆ, 2008ರ ಮೇನಲ್ಲಿ, ಜೊಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾದಲ್ಲಿ ಹೊರದೇಶದಿಂದ ಬಂದವರ ಮೇಲೆ ಶುರುವಾದ ಗಲಭೆ ದೇಶಕ್ಕೆಲ್ಲ ಹಬ್ಬಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಜಿಂಬಾಬ್ವೆಯವರು, ಮೊಜಾಂಬಿಕ್‌ನವರು, ಜೊತೆಗೆ ಹೊರಗಿನವರು ಅಂದುಕೊಂಡು ಹೊಡೆದ ಅಲ್ಲಿಯವರೇ ಎಷ್ಟೋ ಜನ. ಲಕ್ಕಿ ದೂಬೆಯ ಸಾವಿನಲ್ಲಿದ್ದ ಆ ಒಂದು ಮಾತೇ ಅಲ್ಲಿ ಬೀದಿಬೀದಿಯಲ್ಲಿ ಕೇಳಿಸಿತು.

2015ರ ಏಪ್ರಿಲ್‌ನಲ್ಲಿ ಮತ್ತೆ ಅದೇ ಶುರುವಾದಾಗ ನಾನು ಅಲ್ಲಿದ್ದೆ. ಡರ್ಬನ್‌ನಿಂದ ಸುದ್ದಿ ಬರುತ್ತಿದ್ದಂತೆ ಜಿಂಬಾಬ್ವೆಯಿಂದ ಬಂದಿದ್ದ ನಮ್ಮ ಕಟಿಂಗ್ ಹುಡುಗನ ಶೆಡ್ ಬಾಗಿಲು ಮುಚ್ಚಿತು. ವಾರವಾದ ಮೇಲೆ ಹೋದೆ. ತೆರೆದಿತ್ತು. ಒಳಗೆ ಕನ್ನಡಿಯ ಮೇಲಿದ್ದ ಲಕ್ಕಿ ದೂಬೆಯ ಪೋಸ್ಟರ್ ಬಿಚ್ಚಿ ಹೊರಗೆ, ಬಾಗಿಲ ಪಕ್ಕದ ತಗಡಿಗೆ, ಅಗಲವಾದ ಕಂದು ಟೇಪಿನಿಂದ ನಾಲ್ಕೂ ಅಂಚು ಅಂಟಿಸಿದ್ದ. ಯಾಕಪ್ಪಾ ಅಂದೆ. "ಈ ಮುಖಕ್ಕೆ ಯಾರೂ ಕಲ್ಲು ಹೊಡೆಯಲ್ಲ" ಅಂದ. ಅಷ್ಟು ಹೇಳಿ ಕುರ್ಚಿ ಒರೆಸಿ ಕೂತ್ಕೋ ಅಂದ. ತಿಂಗಳೊಪ್ಪತ್ತಿನಲ್ಲಿ ಬಿಸಿಲಿಗೆ ಆ ಪೋಸ್ಟರಿನ ಕೆಂಪು, ಹಳದಿ ಎಲ್ಲ ಹೋಗಿ ಜಡೆಗಳು ನೀಲಿಯಾಗಿದ್ದವು. ಅವನು ತೆಗೆಯಲಿಲ್ಲ.

ಇಷ್ಟು ಹೇಳಿ, ಅಲ್ಲಿಯವರು ಹಾಗೆ ಅಂತ ನಾನು ಸುಮ್ಮನಾಗುವ ಹಾಗಿಲ್ಲ. 2016ರ ಜನವರಿ ಕೊನೆಯಲ್ಲಿ ನಮ್ಮ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ಒಬ್ಬನ ಕಾರು ಗುದ್ದಿ ಒಬ್ಬ ಹೆಣ್ಣುಮಗಳು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರು ಸುಟ್ಟಿತು. ಇಬ್ಬರದೂ ಕಪ್ಪು ಬಣ್ಣ, ಅಷ್ಟೇ ಸಾಕಾಯಿತು. ಆ ಸುದ್ದಿ ಆಫ್ರಿಕಾದ ಎಲ್ಲ ಫೋನುಗಳಿಗೂ ಹೋಯಿತು. ಮುಂದಿನ ವಾರ ಕಟಿಂಗಿಗೆ ಕೂತಾಗ ಹುಡುಗ ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ ಮೆಲ್ಲಗೆ ಕೇಳಿದ, "ನಿನ್ನ ಊರು ಬೆಂಗಳೂರು ಅಲ್ವಾ?"

ಹೌದು ಅಂದೆ. ಅವನು ಮತ್ತೇನೂ ಕೇಳಲಿಲ್ಲ. ನಾನು ಕನ್ನಡಿಯಲ್ಲಿ ಅವನ ಮುಖ ನೋಡುತ್ತಿದ್ದೆ, ಅವನು ನನ್ನ ತಲೆ ನೋಡುತ್ತಿದ್ದ. ಕತ್ತರಿಯ ಸದ್ದು ಬಿಟ್ಟರೆ ಸ್ಪೀಕರಿನಲ್ಲಿ ಲಕ್ಕಿ ದೂಬೆಯದೇ ಹಾಡು. ಎಂದಿನ ಹಾಗೆ ಕಿವಿಯ ಹಿಂದೆ ಬ್ಲೇಡ್ ಇಟ್ಟು ನೀಟಾಗಿ ಗೆರೆ ತೆಗೆದ, ಬ್ರಶ್ಶಿನಿಂದ ಕೂದಲು ಕೊಡವಿದ, ಚಿಲ್ಲರೆ ಎಣಿಸಿ ಕೊಟ್ಟ. ನನಗೆ ಆವತ್ತು ಕ್ಷಮಿಸು ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಇಷ್ಟು ವರ್ಷವಾದರೂ ಅದು ನನ್ನನ್ನು ಚುಚ್ಚುತ್ತೆ.

ಅವನು ಈಗ ಊರಿಗೆ ವಾಪಸಾಗಿದ್ದಾನೆ. ಸ್ವಂತ ಅಂಗಡಿ, ಇಟ್ಟಿಗೆ ಗೋಡೆ, ಮೂರು ಕುರ್ಚಿ. ಬೆಳಗಿನ ವಿಡಿಯೋದಲ್ಲಿ ಗಿರಾಕಿಗಳು, ಅವನ ಹೆಂಡತಿ, ಪಕ್ಕದ ತರಕಾರಿಯಾಕೆ ಎಲ್ಲ ಸೇರಿ ಹಾಡುತ್ತಿದ್ದರು. ಶ್ರುತಿ ಒಬ್ಬರದೂ ಸರಿ ಇರಲಿಲ್ಲ, ನಾನು ಮೂರು ಸಲ ಹಾಕಿ ಕೇಳಿದೆ. ಹಾಡು ಮುಗಿದ ಮೇಲೆ ಅವನು ಫೋನನ್ನು ಗೋಡೆಯ ಕಡೆ ತಿರುಗಿಸಿದ. ಅದೇ ನೀಲಿ ಜಡೆಯ ಪೋಸ್ಟರ್, ಗಾಜು ಹಾಕಿಸಿದ್ದಾನೆ. ಕನ್ನಡಿಯ ಮೇಲಿದೆ, ಅಂಗಡಿಯ ಒಳಗೆ.